ಸಹಾಯ ಬೇಕು: ಚಂದ್ರೋದಯ ಕಾಣುವ, ರೇಡಿಯೋ ಗದ್ದಲವಿಲ್ಲದ ಜಾಗ

ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರೇ, ನಮಸ್ಕಾರ. 144 ಮೆಗಾಹರ್ಟ್ಸ್‌ನಲ್ಲಿ ಒಂದೇ ‘ಯಾಗಿ’ (ಒಂದು ದಿಕ್ಕಿಗೆ ಗುರಿಯಿಡುವ) ಆಂಟೆನಾ, 50 ವ್ಯಾಟ್ ಇಟ್ಟುಕೊಂಡು, ಸಿಗ್ನಲ್ ಚಂದ್ರನಿಗೆ ತಾಗಿ ವಾಪಸ್ ಬರುವ ಹಾಗೆ ಮಾಡಿ ದೂರದವರ ಜೊತೆ ಸಂಪರ್ಕ ಮಾಡಬೇಕು ಅಂತ ತುಂಬಾ ಆಸೆ. ಮೋಡ್ ಕ್ಯೂ65, ಅಂದರೆ ತೀರಾ ಕ್ಷೀಣ ಸಿಗ್ನಲ್‌ಗಾಗಿ ಇರುವ ಡಿಜಿಟಲ್ ವಿಧಾನ. ಸಿಗ್ನಲ್ ಹೋಗಿ ಬರೋಕೆ ಸುಮಾರು ಎರಡೂವರೆ ಸೆಕೆಂಡ್, ದಾರಿಯಲ್ಲಿ 250 ಡೆಸಿಬಲ್‌ನಷ್ಟು ನಷ್ಟ. ಆ ಕಡೆ ದೊಡ್ಡ ಸ್ಟೇಷನ್ ಇದ್ದರೂ ಈ ಕಡೆ ಗದ್ದಲ ಇರಬಾರದು, ಅಲ್ವಾ?

ಜಯನಗರದ ನಮ್ಮ ತಾರಸಿಯಲ್ಲಿ ಅದೇ ಕಷ್ಟ. ಸಂಜೆ ಅಕ್ಕಪಕ್ಕದ ಎಲ್‌ಇಡಿ ದೀಪ ಹತ್ತಿದರೆ ವಾಟರ್‌ಫಾಲ್ (ಕಂಪ್ಯೂಟರ್‌ನಲ್ಲಿ ಸಿಗ್ನಲ್ ತೋರಿಸುವ ಚಿತ್ರ) ತುಂಬಾ ಗೆರೆ. ಪ್ರೀಆಂಪ್ (ಬರುವ ಸಿಗ್ನಲ್ ಹೆಚ್ಚಿಸುವ ಸಾಧನ) ಹಾಕಿದರೆ ಗದ್ದಲವೂ ಜಾಸ್ತಿಯಾಗುತ್ತದೆ.

ಹೊಸಕೋಟೆ, ಸರ್ಜಾಪುರ ಕಡೆ ಪೂರ್ವಕ್ಕೆ ಬಯಲಿರುವ ತೋಟ ಯಾರದ್ದಾದರೂ ಇದೆಯಾ? ಚಂದ್ರ ಹುಟ್ಟುವಾಗ ಆಂಟೆನಾ ಮೇಲೆತ್ತಬೇಕಿಲ್ಲ, ನೆಲಕ್ಕೆ ತಾಗಿ ಬಂದ ಸಿಗ್ನಲ್ಲೂ ಕೂಡಿಕೊಳ್ಳುತ್ತದೆ. ಒಂದೆರಡು ಗಂಟೆ ಸಾಕು. ಬ್ಯಾಟರಿ, ಕಂಬ ನಾನೇ ತರುತ್ತೇನೆ. ದಯವಿಟ್ಟು ಮೆಸೇಜ್ ಮಾಡಿ.