300 ಕಿ.ಮೀ. ಬಿಆರ್‌ಎಂಗೆ ಜಿಪಿಎಸ್ ಕಂಪ್ಯೂಟರ್, ಜೊತೆಗೊಂದು ಆಕ್ಷನ್ ಕ್ಯಾಮೆರಾ: ಏನು ನೋಡಿ ತಗೊಳ್ಳೋದು?

ಮಲೆನಾಡ್_ಗೇರ್

ನಮಸ್ಕಾರ. ಬೆಂಗಳೂರಿನಿಂದ ಹೊರಡುವ, ನಿಗದಿತ ಗಂಟೆಯೊಳಗೆ ಮುಗಿಸಬೇಕಾದ 300 ಕಿ.ಮೀ. ಸೈಕಲ್ ಸವಾರಿ, ಅಂದರೆ ಬಿಆರ್‌ಎಂ ಇದೆ, ಅದು ಮುಗಿದ ಮೇಲೆ ಮಳೆಗಾಲದ ಕೊನೆಗೆ ಆಗುಂಬೆ. ರೋಡ್ ಬೈಕ್, 28ರ ಟೈರು, 31.8 ಮಿ.ಮೀ. ಅಲ್ಯೂಮಿನಿಯಂ ಹ್ಯಾಂಡಲ್. ಇಲ್ಲಿವರೆಗೆ ಫೋನಿನಲ್ಲೇ ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ ಓಡಿಸಿದ್ದು.

ಎರಡು ವಸ್ತು ಬೇಕು. ದಾರಿ ತೋರಿಸುವ ಜಿಪಿಎಸ್ ಕಂಪ್ಯೂಟರ್ ಒಂದು. ಕ್ಯಾಮೆರಾ ಇನ್ನೊಂದು: ಘಾಟಿಯ ವಿಡಿಯೊಗೂ ಆಗಬೇಕು, ಯಾರಾದರೂ ಗುದ್ದಿದರೆ ಸಾಕ್ಷಿಗೂ ಆಗಬೇಕು. ಎರಡೂ ಸೇರಿ 50 ಸಾವಿರದೊಳಗೆ. ಜಿಪಿಎಸ್ ಇರುವ ಕ್ಯಾಮೆರಾ ತಗೊಂಡರೆ ಕಂಪ್ಯೂಟರ್ ಅಗ್ಗದ್ದು ಸಾಕಾ? ಎರಡನ್ನೂ ಒಂದೇ ಮೌಂಟಿಗೆ ಹಾಕಬಹುದಾ?

ಕಂಟ್ರೋಲ್_ನಾಲ್ಕು

ಮೊದಲು ಕಂಪ್ಯೂಟರ್ ತಗೊಳ್ಳಿ, ದುಡ್ಡು ಉಳಿದರೆ ಕ್ಯಾಮೆರಾ. ಕ್ಯಾಮೆರಾದ ಜಿಪಿಎಸ್ ವಿಡಿಯೊ ಮೇಲೆ ವೇಗ ಬರೆಯೋಕೆ ಮಾತ್ರ, ದಾರಿ ತೋರಿಸೋಕಲ್ಲ.

ಗಂಟೆಯಿಂದ ಲೆಕ್ಕ ಶುರುಮಾಡಿ. ಬಿಆರ್‌ಎಂ ಕಾಲಮಿತಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಡಬ್ಬದ ಮೇಲಿನ ಬ್ಯಾಟರಿ ಅಂಕಿಯನ್ನು ಈ ಕಾಲಮಿತಿಯ ಪಕ್ಕ ಇಟ್ಟು ನೋಡಿ. ಗಾರ್ಮಿನ್ ಎಡ್ಜ್ 130 ಪ್ಲಸ್ 12 ಗಂಟೆ, ವಾಹೂ ಬೋಲ್ಟ್‌ನ ಎರಡನೇ ಆವೃತ್ತಿ 15, ಐಜಿಪಿಸ್ಪೋರ್ಟ್ ಬಿಎಸ್‌ಸಿ300 20, ಬಿಎಸ್‌ಸಿ200 25, ಎಡ್ಜ್ 540 26, ಐಜಿಎಸ್630 35. ರಾತ್ರಿ ಬ್ಯಾಕ್‌ಲೈಟ್, ನ್ಯಾವಿಗೇಶನ್, ಎರಡು ಮೂರು ಸೆನ್ಸರ್ ಸೇರಿದರೆ ಆ ಅಂಕಿಯ ಮುಕ್ಕಾಲು ಭಾಗ ಮಾತ್ರ ನಂಬುತ್ತೇನೆ. 15 ಗಂಟೆಯದ್ದು ಕೆಟ್ಟದ್ದು ಅಂತಲ್ಲ, ಊಟದ ಕಂಟ್ರೋಲಿನಲ್ಲಿ (ದಾರಿಯ ಹಾಜರಿ ತಾಣದಲ್ಲಿ) ಚಾರ್ಜಿಗೆ ಹಾಕಲೇಬೇಕು, ಅಷ್ಟೇ. ಪವರ್ ಬ್ಯಾಂಕಿನ ಒಂದು ಚಾಳಿ ತಿಳಿದಿರಲಿ: ಎಳೆಯುವ ಕರೆಂಟು ತೀರಾ ಕಡಿಮೆಯಾದರೆ ತಾನೇ ಆಫ್ ಆಗುತ್ತದೆ. ಕಂಪ್ಯೂಟರ್ 90 ಪರ್ಸೆಂಟ್ ತುಂಬಿರುವಾಗ ಚುಚ್ಚಿ ಮರೆತರೆ ಆಮೇಲೆ ಚಾರ್ಜೇ ಆಗಿರುವುದಿಲ್ಲ. 30–40ಕ್ಕೆ ಇಳಿದ ಮೇಲೆ ಚುಚ್ಚಿ.

ನಕ್ಷೆ ಮೂರು ಮಟ್ಟದ್ದು. ಬಿಎಸ್‌ಸಿ200, ಎಡ್ಜ್ 130 ಪ್ಲಸ್ ತರಹದವು ಖಾಲಿ ಪರದೆ ಮೇಲೆ ಒಂದು ಗೆರೆ ತೋರಿಸುತ್ತವೆ. ಬಿಎಸ್‌ಸಿ300ರಲ್ಲಿ ಗೆರೆಯ ಕೆಳಗೆ ರಸ್ತೆಗಳೂ ಇರುತ್ತವೆ. ಎಡ್ಜ್ 540 ದಾರಿ ತಪ್ಪಿದರೆ ತಾನೇ ಹೊಸ ದಾರಿ ಲೆಕ್ಕ ಹಾಕುತ್ತದೆ. ಬಿಆರ್‌ಎಂಗೆ ಎರಡನೆಯ ಮಟ್ಟ ಸಾಕು. ಬರೀ ಗೆರೆ ನಂಬಿದರೆ ತುಮಕೂರು ರಸ್ತೆಯ ಫ್ಲೈಓವರ್ ಬುಡದಲ್ಲೇ ಗೊತ್ತಾಗುತ್ತದೆ ಕಷ್ಟ: ಮೇಲಿನ ರಸ್ತೆ, ಸರ್ವಿಸ್ ರಸ್ತೆ ಎರಡೂ ಒಂದೇ ಗೆರೆ. ನಕ್ಷೆ ಇದ್ದರೂ ಅಲ್ಲಿ ಜೂಮ್ 100 ಮೀಟರಿನ ಆಸುಪಾಸಿಗೆ ತಂದರೇ ಕವಲು ಕಾಣುವುದು.

ಸೆಟ್ಟಿಂಗ್‌ನಲ್ಲಿ ಎಡವುವ ಜಾಗಗಳೇ ಜಾಸ್ತಿ. ರೂಟ್ ರೀಕ್ಯಾಲ್ಕುಲೇಶನ್ ಆಫ್ ಮಾಡಿ, ಇಲ್ಲದಿದ್ದರೆ ಟೀ ಅಂಗಡಿಗೆಂದು ಪಕ್ಕಕ್ಕೆ ತಿರುಗಿದ ಕೂಡಲೇ ಹೊಸ ದಾರಿ ಹಾಕಿಕೊಂಡು ಕಂಟ್ರೋಲನ್ನೇ ಬಿಟ್ಟು ಕರೆದೊಯ್ಯುತ್ತದೆ. ನಿಂತಾಗ ಎಣಿಕೆ ನಿಲ್ಲಿಸುವ ಆಟೋ ಪಾಝ್ ಕೂಡ ಆಫ್. ಗಡಿಯಾರ ನಿಮಗಾಗಿ ನಿಲ್ಲುವುದಿಲ್ಲ, ಪರದೆಯ ಮೇಲೆ ನಿಂತು ಏನು ಪ್ರಯೋಜನ? ರೆಕಾರ್ಡಿಂಗ್ 1 ಸೆಕೆಂಡಿಗೆ ಇಡಿ. ದಾರಿ ಗುರುತಿಸುವ ತಾಣ ರೈಡ್ ವಿತ್ ಜಿಪಿಎಸ್‌ನಿಂದ ರೂಟ್ ಇಳಿಸುವಾಗ ಜಿಪಿಎಕ್ಸ್ ಟ್ರ್ಯಾಕ್ ಬೇಡ, ಅದರಲ್ಲಿ ಗೆರೆ ಮಾತ್ರ ಇರುತ್ತದೆ. ಟಿಸಿಎಕ್ಸ್ ಕೋರ್ಸ್ ಇಳಿಸಿದರೆ ತಿರುವಿನ ಸೂಚನೆಗಳೂ ಜೊತೆಗೆ ಬರುತ್ತವೆ. 300ನ್ನು ಒಂದೇ ಫೈಲ್ ಮಾಡದೆ ಕಂಟ್ರೋಲಿಂದ ಕಂಟ್ರೋಲಿಗೆ ತುಂಡು ಮಾಡಿ. ಹೋದ ದಾರಿಯಲ್ಲೇ ವಾಪಸ್ ಬರುವ ರೂಟಿನಲ್ಲಿ ಇದು ಕಡ್ಡಾಯ. ಎರಡು ಗೆರೆ ಒಂದರ ಮೇಲೊಂದು ಬಿದ್ದು ಕಂಪ್ಯೂಟರ್ ನಿಮ್ಮನ್ನು ಸುಮ್ಮನೆ ಹಿಂದಕ್ಕೆ ತಿರುಗಿಸಬಹುದು.

ಸ್ಪೀಡ್ ಸೆನ್ಸರ್ ಹಾಕುತ್ತೀರಾದರೆ ಚಕ್ರದ ಸುತ್ತಳತೆ ನೋಡಿ. 700x28ಕ್ಕೆ 2136 ಮಿ.ಮೀ., 23ಕ್ಕೆ 2096. ಹಳೆಯ 2096 ಹಾಗೇ ಉಳಿದಿದ್ದರೆ 300 ಕಿ.ಮೀ.ಗೆ ಐದೂವರೆ ಕಿ.ಮೀ. ಕಮ್ಮಿ ತೋರಿಸುತ್ತದೆ, ಕ್ಯೂ ಶೀಟಿನ (ಎಷ್ಟನೇ ಕಿ.ಮೀ.ಗೆ ಯಾವ ತಿರುವು ಅನ್ನುವ ಪಟ್ಟಿ) ತಿರುವೆಲ್ಲ ಎಡವಟ್ಟು. ತನ್ನಷ್ಟಕ್ಕೆ ಅಳೆದುಕೊಳ್ಳುವ ಆಯ್ಕೆ ಇದ್ದರೂ ಸಂಖ್ಯೆಯನ್ನು ಕೈಯಲ್ಲೇ ತುಂಬಿ.

ಎತ್ತರ ಅಳೆಯುವುದು ಗಾಳಿಯ ಒತ್ತಡದಿಂದ. ಬೆಂಗಳೂರಿನ ಎತ್ತರದಲ್ಲಿ 1 ಹೆಕ್ಟೊಪಾಸ್ಕಲ್ ಒತ್ತಡಕ್ಕೆ 9–10 ಮೀಟರ್. ಮೋಡ ಕಟ್ಟಿ ಒತ್ತಡ 3 ಹೆಕ್ಟೊಪಾಸ್ಕಲ್ ಕುಸಿದರೆ ನೀವು ನಿಂತಲ್ಲೇ ಸುಮಾರು 30 ಮೀಟರ್ ಏರಿಬಿಟ್ಟಿರುತ್ತೀರಿ! ಕಂಪ್ಯೂಟರಿನ ತಳದಲ್ಲೋ ಬದಿಯಲ್ಲೋ ಸೂಜಿಮೊನೆಯಷ್ಟು ತೂತು ಇರುತ್ತದೆ. ಮಳೆನೀರು, ಬೆವರಿನ ಉಪ್ಪು ಅದನ್ನು ಮುಚ್ಚಿದರೆ ಏರಿನಲ್ಲೂ ಇಳಿಜಾರು 0 ಪರ್ಸೆಂಟ್ ಅಂತ ಕೂತಿರುತ್ತದೆ. ಸಿಹಿನೀರಲ್ಲಿ ತೊಳೆದು ಒಣಗಿಸಿ, ಪಿನ್ನು ಹಾಕಿ ಚುಚ್ಚಬೇಡಿ. ಸರಿಯಾಗಿದೆಯಾ ಅಂತ ನೋಡೋಕೆ ನಂದಿಬೆಟ್ಟದ ತುದಿ ಒಳ್ಳೆಯ ಜಾಗ, 1478 ಮೀ.

ಮಲ್ಟಿಬ್ಯಾಂಡ್ ಅಂದರೆ ಉಪಗ್ರಹದ ಎಲ್1 ತರಂಗದ ಜೊತೆ ಎಲ್5 ಸಿಗ್ನಲ್ಲನ್ನೂ ಕೇಳುವುದು. ನಮ್ಮ ದೇಶದ ಉಪಗ್ರಹ ದಾರಿಸೂಚಿ ನಾವಿಕ್ ಕೂಡ ಎಲ್5ರ ಅದೇ 1176.45 ಮೆಗಾಹರ್ಟ್ಸ್‌ನಲ್ಲೇ ಇದೆ, ಆದರೆ ವಿವರಪಟ್ಟಿಯಲ್ಲಿ ನಾವಿಕ್ ಹೆಸರಿಲ್ಲದಿದ್ದರೆ ಇದೆ ಅಂದುಕೊಳ್ಳಬೇಡಿ. ಮೆಟ್ರೊ ಕಂಬಗಳ ಕೆಳಗೆ, ಆಗುಂಬೆಯ ಮರಗಳಡಿಯ ಹೇರ್‌ಪಿನ್ನಿನಲ್ಲಿ ಮಲ್ಟಿಬ್ಯಾಂಡಿನಿಂದ ಉಪಯೋಗ ಉಂಟು. ಚಿತ್ರದುರ್ಗದ ಬಯಲಲ್ಲಿ ಬ್ಯಾಟರಿ ದಂಡ.

ಕೊನೆಗೆ, ಮಳೆಗೆ ಹೋಗುವವರು ಗುಂಡಿ ಇರುವುದನ್ನೇ ತಗೊಳ್ಳಿ. ಒದ್ದೆ ಟಚ್ ಪರದೆ ತನಗೆ ಬೇಕಾದ ಪುಟ ತಾನೇ ತಿರುವಿಕೊಳ್ಳುತ್ತದೆ.

ಲೆನ್ಸ್_ಒರಸು

ಕ್ಯಾಮೆರಾ ಪಾಲು ನನ್ನದು. ಘಾಟಿ ವಿಡಿಯೊ, ಸಾಕ್ಷಿ ಎರಡೂ ಒಂದರಲ್ಲೇ ಅಂದ್ರೆ ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಗುತ್ತೆ. ಘಾಟಿಗೆ 4ಕೆ, ಬೇಕಾದಾಗ ಮಾತ್ರ. ಸಾಕ್ಷಿಗೆ 1080ಪಿ, ಇಡೀ ದಿನ.

ಲೆಕ್ಕ ನೋಡಿ. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ಅಂದ್ರೆ ಗಂಟೆಗೆ 45 ಜಿಬಿ, 20 ಗಂಟೆಗೆ 900. ಬ್ಯಾಟರಿ ಇನ್ನೂ ಬೇಗ ಕೈಕೊಡುತ್ತೆ: ಗೋಪ್ರೊ ಹೀರೊ 12 5.3ಕೆ 60ರಲ್ಲಿ 70 ನಿಮಿಷ, 1080ಪಿ 30ರಲ್ಲಿ ಎರಡೂವರೆ ಗಂಟೆ, ಅದೂ ಕಂಪನಿಯೇ ಹೇಳೋದು. ಹಾಗಾಗಿ ವಿಡಿಯೊಗೆ ಬೇಕು ಅಂದ್ರೆ ಕ್ವಿಕ್‌ಕ್ಯಾಪ್ಚರ್ (ಒಂದೇ ಗುಂಡಿಗೆ ಆನ್ ಆಗಿ ರೆಕಾರ್ಡಿಂಗ್ ಶುರು) ಆನ್ ಇಟ್ಟು, ತಿರುವು ಬರೋ ಮುಂಚೆ ಒತ್ತಿ, ದಾಟಿದ ಮೇಲೆ ನಿಲ್ಲಿಸಿ. ಹೈಂಡ್‌ಸೈಟ್ ಆಫ್ ಮಾಡಿ. ಅದು ಒತ್ತೋಕೆ ಮುಂಚಿನ ದೃಶ್ಯವನ್ನೂ ಹಿಡಿದಿಟ್ಟುಕೊಳ್ಳೋಕೆ ಸದಾ ಎಚ್ಚರವಾಗಿದ್ದು ಬ್ಯಾಟರಿ ಕುಡೀತಾ ಇರುತ್ತೆ.

ಜಿಪಿಎಸ್ ವಿಷಯ: ಹೀರೊ 11ರಲ್ಲಿ ಇದೆ, 12ರಲ್ಲಿ ತೆಗೆದುಹಾಕಿದರು, 13ರಲ್ಲಿ ವಾಪಸ್ ಬಂತು. ನಿಮಗೆ ಅದರ ಗೊಡವೆ ಬೇಡ. ಕಂಪ್ಯೂಟರ್ ಬರೆದಿಟ್ಟ ಸವಾರಿಯ ದಾಖಲೆ, ಅಂದ್ರೆ ಫಿಟ್ ಫೈಲನ್ನು, ಆಮೇಲೆ ವಿಡಿಯೊ ಮೇಲೆ ಹಾಸಬಹುದು, ಇನ್‌ಸ್ಟಾ360ಯ ತಂತ್ರಾಂಶಕ್ಕೆ ಅದು ನೇರವಾಗಿ ಬರುತ್ತೆ. ಎರಡು ಗಡಿಯಾರ ಹೊಂದಿಸೋದೇ ತಲೆನೋವು. ಅದಕ್ಕೆ ಸುಲಭದ ದಾರಿ: ಹೊರಡೋವಾಗ ಕಂಪ್ಯೂಟರ್ ಪರದೇಲಿ ಸೆಕೆಂಡ್ ಓಡೋ ಪುಟ ತೆರೆದು ಕ್ಯಾಮೆರಾಗೆ ಐದು ಸೆಕೆಂಡ್ ತೋರಿಸಿ. ಎಡಿಟ್ ಮಾಡುವಾಗ ಆ ಫ್ರೇಮಿನಲ್ಲಿ ಸೆಕೆಂಡು ಓದಿ ಹೊಂದಿಸಿದ್ರೆ ಆಯ್ತು.

ಬೆಳಗಿನ ಜಾವ, ಮುಸ್ಸಂಜೆ ಶೂಟ್ ಮಾಡೋದಾದ್ರೆ ದೊಡ್ಡ ಸೆನ್ಸರ್ ನೋಡಿ. ಡಿಜೆಐ ಆಕ್ಷನ್ 4ರದ್ದು 1/1.3 ಇಂಚು, ಹೀರೊ 12ರದ್ದು 1/1.9. ಕತ್ತಲಾದ ಮೇಲೆ ಸ್ಟೆಬಿಲೈಸೇಶನ್ ಆಫ್ ಮಾಡಿ. ಶಟರ್ ನಿಧಾನ ಆಗಿ ಫ್ರೇಮಿನೊಳಗೇ ದೃಶ್ಯ ಅಳ್ಳಾಡಿರುತ್ತೆ. ಆಮೇಲೆ ಫ್ರೇಮನ್ನು ನೇರ ಮಾಡಿದ್ರೂ ಬೀದಿದೀಪಗಳೆಲ್ಲ ಹುಳದ ಥರ ನುಲೀತವೆ.

ಕಾರ್ಡ್ ವಿ30 ಗುರುತಿನದು, ಅಂದ್ರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯೋದು. ನಕಲಿ ಕಾರ್ಡ್ 256 ಜಿಬಿ ಅಂತ ತೋರಿಸಿ 32 ಜಿಬಿ ಆದ ಮೇಲೆ ಬರೆದಿದ್ದೆಲ್ಲ ಗಾಳಿಗೆ ತೂರುತ್ತೆ. ತಂದ ದಿನವೇ ಕಾರ್ಡ್ ಪರೀಕ್ಷಿಸುವ ತಂತ್ರಾಂಶ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ ಪೂರ್ತಿ ತುಂಬಿಸಿ ನೋಡಿ, ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಇಡೀ ದಿನ ಓಡಿಸಲೇಬೇಕು ಅಂದ್ರೆ 1080ಪಿ, ಲೂಪಿಂಗ್ (ಹಳೆಯದನ್ನು ಅಳಿಸಿ ಅದರ ಮೇಲೆ ಬರೆಯೋದು), ಪವರ್ ಬ್ಯಾಂಕ್. 10,000 ಎಂಎಎಚ್‌ನದು ಹೆಸರಿಗೆ 37 ವ್ಯಾಟ್‌ಅವರ್, ಕೈಗೆ ಸಿಗೋದು 28ರ ಹತ್ತಿರ. ಕ್ಯಾಮೆರಾ ಎಳೆಯೋದು ಸುಮಾರು 2.6 ವ್ಯಾಟ್, ಅಂದ್ರೆ ಹತ್ತು ಗಂಟೆ ಚಿಲ್ಲರೆ. ಆದರೆ ಕೇಬಲ್ ಚುಚ್ಚೋಕೆ ಬಾಗಿಲು ತೆರೆದಾಗಲೇ ವಾಟರ್‌ಪ್ರೂಫ್ ಮುಗೀತು. ಆಗುಂಬೆ ಮಳೇಲಿ ಈ ಸಾಹಸ ಬೇಡ.

ಮಲೆನಾಡ್_ಗೇರ್

ಇಬ್ಬರಿಗೂ ಥ್ಯಾಂಕ್ಸ್. ಬಿಎಸ್‌ಸಿ300 ಅಥವಾ ಐಜಿಎಸ್630, ಜೊತೆಗೆ ಆಕ್ಷನ್ 4 ಅಂತ ಯೋಚನೆ. ಮೌಂಟ್ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಮತ್ತೆ ಸಾಕ್ಷಿಗೆ ಅಂತಲೇ ಹಿಂದೆ ಗಾರ್ಮಿನ್ ವೇರಿಯಾ (ಹಿಂದಿನಿಂದ ಬರುವ ಗಾಡಿ ಗುರುತಿಸುವ ರೇಡಾರ್ ಲೈಟು) ಹಾಕಿದರೆ?

ಐದು_ನ್ಯೂಟನ್

ಒಂದೇ ಮೌಂಟಿಗೆ ಹಾಕಬಹುದು: ಕಂಪ್ಯೂಟರ್ ಮೇಲೆ, ಕ್ಯಾಮೆರಾ ಕೆಳಗೆ ತಲೆಕೆಳಗಾಗಿ. ಆದರೆ ಕಂಪ್ಯೂಟರ್ ಜೊತೆ ಡಬ್ಬದಲ್ಲಿ ಬರುವ, ಹ್ಯಾಂಡಲಿನ ಮುಂದಕ್ಕೆ ಚಾಚುವ ಪ್ಲಾಸ್ಟಿಕ್ ಔಟ್‌ಫ್ರಂಟಿಗೆ ಬೇಡ. ಆಕ್ಷನ್ 4 ಒಂದೇ 145 ಗ್ರಾಂ, ಹ್ಯಾಂಡಲಿನಿಂದ ಹತ್ತು ಸೆಂ.ಮೀ. ಮುಂದೆ ನೇತಾಡುತ್ತದೆ. ಹಂಪ್ ಹಾರಿದಾಗಲೆಲ್ಲ ಆ ಭಾರ ಜಗ್ಗುವುದು ಕ್ಲ್ಯಾಂಪಿನ ಕೀಲನ್ನು. ಸೀಳು ಮೊದಲು ಅಲ್ಲೇ ಬಿಡುತ್ತದೆ, ಮೇಲಿಂದ ಕಾಣುವುದೂ ಇಲ್ಲ. ಅಲ್ಯೂಮಿನಿಯಂನದು, ಎರಡು ಬೋಲ್ಟ್ ಇರುವುದು, 31.8ರ ಅಳತೆ, ಕೆಳಗೆ ಗೋಪ್ರೊ ಥರದ ಕಿವಿ ಇರುವುದು ತಗೊಳ್ಳಿ. ಎರಡೂ ಬೋಲ್ಟನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿಸಿ, ಮೌಂಟಿನ ಮೇಲೆ ಕೊರೆದಿರುವ ನ್ಯೂಟನ್ ಮೀಟರ್ (ಬಿಗಿಯ ಮಿತಿ) ದಾಟಬೇಡಿ. ಮೊದಲ 50 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಐಜಿಪಿಸ್ಪೋರ್ಟ್ ಗಾರ್ಮಿನ್ ಮೌಂಟಿಗೆ ಕೂರುತ್ತದೆ. ವಾಹೂ ಕೂರುವುದಿಲ್ಲ, ಅದರ ಹಲ್ಲು 90 ಡಿಗ್ರಿ ತಿರುಗಿರುತ್ತದೆ, ಬಲವಂತ ಮಾಡಿದರೆ ಹಲ್ಲೇ ಮುರಿಯುವುದು. ಕಂಪ್ಯೂಟರಿಗೂ ಕ್ಯಾಮೆರಾಗೂ ಕಳಚಿದರೂ ಬೀಳದಂತೆ ಬೇರೆ ಬೇರೆ ದಾರ ಕಟ್ಟಿ.

ಕೆಳಗಿನ ಕ್ಯಾಮೆರಾಗೆ ಎರಡು ಕಷ್ಟ. ಮುಂದಿನ ಚಕ್ರ ಎರಚುವ ಕೆಸರು ಸೀದಾ ಲೆನ್ಸಿಗೆ. ಮತ್ತೆ ರಾತ್ರಿ ಹೆಡ್‌ಲೈಟಿಗೆ ಬೇಕಾದ್ದೂ ಅದೇ ಜಾಗ. ಲೈಟು ಲೆನ್ಸಿಗಿಂತ ಹಿಂದಿದ್ದರೆ ಕ್ಯಾಮೆರಾ ನೆರಳು ರಸ್ತೆ ಮೇಲೆ. ಬಿಆರ್‌ಎಂ ರಾತ್ರಿಗೆ ಲೈಟಿಗೇ ಜಾಗ ಕೊಡಿ, ಕ್ಯಾಮೆರಾ ಬಿಚ್ಚಿ ಚೀಲಕ್ಕೆ ಹಾಕಿ.

ಹಿಂದೆ ಹಾಕುವ ವೇರಿಯಾದಲ್ಲಿ ಕ್ಯಾಮೆರಾ ಇರುವುದು ಆರ್‌ಸಿಟಿ715ರಲ್ಲಿ. ಅದರ ರೇಡಾರ್ 140 ಮೀಟರ್ ಹಿಂದಿನ ಗಾಡಿ ಹೇಳುತ್ತದೆ. ಹೆದ್ದಾರಿಯಲ್ಲಿ ಉಪಕಾರ, ಯಶವಂತಪುರದಲ್ಲಿ ಬಿಡುವಿಲ್ಲದೆ ಬಾಯಿ ಬಡಿದುಕೊಳ್ಳುತ್ತದೆ, ಅಲ್ಲಿ ಸದ್ದು ಆಫ್ ಮಾಡಿ. ನಿಮ್ಮ 50 ಸಾವಿರದಲ್ಲಿ ಮೂರಕ್ಕೂ ಜಾಗ ಇರುವುದು ಕಷ್ಟ. ಸಾಕ್ಷಿಯೇ ಮುಖ್ಯವಾದರೆ ಆಕ್ಷನ್ ಕ್ಯಾಮೆರಾ ಬಿಟ್ಟು ಇದನ್ನು ತಗೊಳ್ಳಿ ಅನ್ನುತ್ತೇನೆ, ಲೆನ್ಸ್_ಒರಸು ಬೈದರೂ ಸರಿ.

ಯಾವ ಕ್ಯಾಮೆರಾ ಆದರೂ ಅಗಲದ ಲೆನ್ಸಿನ 1080ಪಿಯಲ್ಲಿ ನಂಬರ್ ಪ್ಲೇಟು ಕೆಲವೇ ಮೀಟರ್ ದೂರದವರೆಗೆ ಓದಲು ಸಿಗುತ್ತದೆ, ಕತ್ತಲಲ್ಲಿ ಅದೂ ಇಲ್ಲ. ಏನಾದರೂ ಆದ ಕೂಡಲೇ ಗಾಡಿ ನಂಬರನ್ನು ಜೋರಾಗಿ ಹೇಳಿಬಿಡಿ, ಮೈಕಿನಲ್ಲಿ ಉಳಿಯುತ್ತದೆ. ಆಮೇಲೆ ಲೂಪಿಂಗ್ ನಿಲ್ಲಿಸಿ, ಕಾರ್ಡ್ ಹೊರತೆಗೆದು ಎತ್ತಿಡಿ. ಕತ್ತರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ತುಂಡನ್ನು ನೆಚ್ಚಿಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ನಮೂದಿಸಬೇಕು, ಎಡಿಟ್ ಮಾಡಿದರೆ ಅದು ಬದಲಾಗುತ್ತದೆ.

ಲೆನ್ಸ್_ಒರಸು

ಬೈಯಲ್ಲ, ಸಾಕ್ಷಿ ವಿಷಯದಲ್ಲಿ ಒಪ್ಪಿದೆ. ಕೆಸರಿನ ಬಗ್ಗೆ ಮಾತ್ರ: ಮಳೇಲಿ ಚೆಸ್ಟ್ ಮೌಂಟ್ ಬಳಸಿ. ಡ್ರಾಪ್ ಬಾರಲ್ಲಿ ಬಗ್ಗಿ ಕೂತಾಗ ಬರೀ ಸ್ಟೆಮ್ (ಹ್ಯಾಂಡಲ್ ಹಿಡಿದಿರೋ ತುಂಡು) ಕಾಣುತ್ತೆ, ಅದಕ್ಕೆ ಕ್ಯಾಮೆರಾ ತಲೆಕೆಳಗೆ ಹಾಕಿ ಮೂತಿ ಪೂರ್ತಿ ಮೇಲಕ್ಕೆತ್ತಿ. ಮಂಜು ಕೂತರೆ ಒರಸೋಕೆ ಹತ್ತಿ ಕರ್ಚೀಫು, ಜೆರ್ಸಿ ಜೇಬಲ್ಲಿ ಅಲ್ಲ, ಪ್ಲಾಸ್ಟಿಕ್ ಕವರಿನೊಳಗೆ.