ಒಂದಕ್ಕೆ ಹೋಗಲು ನೆನಪಿಸುವ ಕೈಗಡಿಯಾರದಿಂದ ಪುಟ್ಟ ಮಕ್ಕಳಿಗೆ ನಿಜವಾಗಿ ಉಪಯೋಗವಿದೆಯೇ?

ಪ್ರಶ್ನೆ

ನಮಸ್ಕಾರ. ನನ್ನ ಮಗಳಿಗೆ ಈಗ ಎರಡು ವರ್ಷ ಏಳು ತಿಂಗಳು. ಮೂರು ವಾರಗಳಿಂದ ಹಗಲಿನ ಡೈಪರ್ ಬಿಡಿಸಲು ಪ್ರಯತ್ನಿಸುತ್ತಿದ್ದೇವೆ. ಪಾಟಿಯ (ಮಕ್ಕಳ ಶೌಚದ ಪುಟ್ಟ ಆಸನದ) ಮೇಲೆ ಕೂರಿಸಿದರೆ ಕೂರುತ್ತಾಳೆ, ಕೆಲವೊಮ್ಮೆ ಒಂದಕ್ಕೂ ಹೋಗುತ್ತಾಳೆ; ಆದರೆ ತಾನಾಗಿ ಬಂದು ಹೇಳುವುದಿಲ್ಲ, ಆಟದಲ್ಲಿ ಮುಳುಗಿದ್ದಾಗಲಂತೂ ಚಡ್ಡಿ ಒದ್ದೆಯಾದ ಮೇಲೆಯೇ ನಮಗೆ ತಿಳಿಯುತ್ತದೆ. 30, 60 ಅಥವಾ 90 ನಿಮಿಷಗಳಿಗೊಮ್ಮೆ ಹಾಡು ನುಡಿಸಿ ದೀಪ ಮಿನುಗಿಸುವ ಮಕ್ಕಳ ಕೈಗಡಿಯಾರಗಳು ಸಿಗುತ್ತವೆ ಎಂದು ತಿಳಿಯಿತು. ಚಡ್ಡಿಗೆ ಸಿಕ್ಕಿಸಿದರೆ ತೇವ ತಗುಲಿದೊಡನೆ ಕೂಗುವ ಅಲಾರಂಗಳೂ ಇವೆಯಂತೆ. ಇವು ಮಗುವಿಗೆ ಅಭ್ಯಾಸ ಕಲಿಸುತ್ತವೆಯೇ ಅಥವಾ ಕೆಲವು ದಿನಗಳ ಆಕರ್ಷಣೆ ಮಾತ್ರವೇ? ಬಳಸಿದವರು ದಯವಿಟ್ಟು ತಿಳಿಸಿ. ಪದೇಪದೇ "ಬಂತಾ, ಬಂತಾ" ಎಂದು ಕೇಳಿ ಅವಳಿಗೂ ಬೇಸರವಾಗಿದೆ, ನನಗೂ ದಣಿವಾಗಿದೆ.

ಉತ್ತರ 1 (ಇಬ್ಬರು ಗಂಡುಮಕ್ಕಳ ತಾಯಿ)

ನನ್ನ ಹಿರಿಯ ಮಗನಿಗೆ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ ಅಂಥದೊಂದು ಗಡಿಯಾರ ಕಟ್ಟಿದ್ದೆವು. ಮೊದಲ ವಾರ ಹಾಡು ಕೇಳಿದೊಡನೆ ಪಾಟಿಯತ್ತ ಓಡುತ್ತಿದ್ದ, ಒದ್ದೆಯಾಗುವುದೂ ಕಡಿಮೆಯಾಯಿತು. ಎರಡನೆಯ ವಾರದ ಹೊತ್ತಿಗೆ ಹಾಡು ಹಳತಾಗಿ, ಅರ್ಧ ಕಟ್ಟಿದ ಆಟದ ಮನೆಯನ್ನು ಬಿಟ್ಟೇಳಲು ಒಪ್ಪದೆ ಅಳತೊಡಗಿದ. ಅದಕ್ಕಿಂತಲೂ ನನ್ನನ್ನು ಚಿಂತೆಗೀಡು ಮಾಡಿದ್ದು, ಗಡಿಯಾರ ಬಿಚ್ಚಿಟ್ಟ ದಿನ ಅವನು ಒಮ್ಮೆಯೂ ತಾನಾಗಿ ಏಳದೇ ಹೋದದ್ದು. ಹಾಡಿಗೆ ಓಗೊಡುವುದನ್ನು ಅವನು ಚೆನ್ನಾಗಿಯೇ ಕಲಿತಿದ್ದ. ಆದರೆ ಕಿಬ್ಬೊಟ್ಟೆಯಲ್ಲಿ ಒತ್ತಡವಾಗುವ ಮೊದಲೇ ಹಾಡು ಬಂದುಬಿಡುತ್ತಿದ್ದುದರಿಂದ, ಆ ಒತ್ತಡ ಹೇಗಿರುತ್ತದೆಂದು ಗುರುತಿಸಲು ಅವನಿಗೆ ಅವಕಾಶವೇ ಸಿಕ್ಕಿರಲಿಲ್ಲ.

ಕಿರಿಯವನ ಸರದಿ ಬಂದಾಗ ಸಮಯದ ಸೂಚನೆಯನ್ನು ನನ್ನ ಫೋನಿನಲ್ಲಿ, ಸದ್ದಿಲ್ಲದೆ ನಡುಗುವಂತೆ ಇಟ್ಟುಕೊಂಡೆ. ಅದು ನಡುಗಿದಾಗ ಅವನನ್ನು ಏಳಿಸದೆ ಸುಮ್ಮನೆ ಗಮನಿಸುತ್ತಿದ್ದೆ. ಕಾಲು ಹೆಣೆದುಕೊಳ್ಳುವುದು, ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಮೂಲೆಗೆ ಸರಿಯುವುದು ಕಂಡಾಗ ಮಾತ್ರ, "ನಿನಗೆ ಒಂದಕ್ಕೆ ಬಂದಿದೆ ಅನ್ನಿಸುತ್ತದೆ, ಹೋಗೋಣ ಬಾ" ಎನ್ನುತ್ತಿದ್ದೆ. ಅವನು ನಿಧಾನವಾಗಿಯೇ ಕಲಿತ. ಆದರೆ ಕಲಿತದ್ದು ಉಳಿಯಿತು.

ಉತ್ತರ 2 (ಮಕ್ಕಳ ವಿಭಾಗದಲ್ಲಿ ಶುಶ್ರೂಷಕಿಯಾಗಿದ್ದವರು)

ಮೇಲಿನ ಅನುಭವಕ್ಕೆ ಶರೀರದ ಕಡೆಯಿಂದ ಕಾರಣವಿದೆ. ಮಗುವಿನ ವಯಸ್ಸಿಗೆ ಎರಡು ಸೇರಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಹಿಡಿಯಬಲ್ಲ ಪ್ರಮಾಣದ ಅಂದಾಜು ಮಿಲಿಲೀಟರುಗಳಲ್ಲಿ ದೊರೆಯುತ್ತದೆ. ಅಂದರೆ ನಿಮ್ಮ ಮಗಳಿಗೆ ಅದು 140ರ ಆಸುಪಾಸು. ಎಷ್ಟು ಕುಡಿದಿದ್ದಾಳೆ, ಎಷ್ಟು ಬೆವರಿದ್ದಾಳೆ ಎಂಬುದರ ಮೇಲೆ ಅದು ತುಂಬುವ ವೇಗ ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. 30 ನಿಮಿಷಕ್ಕೊಮ್ಮೆ ಏಳಿಸಿದರೆ ಬಹುತೇಕ ಸಲ ಖಾಲಿ ಮೂತ್ರಕೋಶದೊಂದಿಗೆ ಕೂರಿಸಿದಂತಾಗುತ್ತದೆ, ಮಗು ಬೇಸತ್ತು ಪಾಟಿಯನ್ನೇ ನಿರಾಕರಿಸಬಹುದು.

ಆದ್ದರಿಂದ ಏನನ್ನೂ ಕೊಳ್ಳುವ ಮೊದಲು ಮೂರು ದಿನ, ಅವಳು ಕುಡಿದ ಮತ್ತು ಒದ್ದೆ ಮಾಡಿಕೊಂಡ ಸಮಯವನ್ನು ಬರೆದಿಡಿ. ಎರಡು ಗಂಟೆಗಳ ಕಾಲ ಒಣಗಿರಬಲ್ಲಳೇ ಎಂಬುದು ಅದರಲ್ಲಿ ಕಾಣುತ್ತದೆ; ಸಿದ್ಧತೆಯ ಮುಖ್ಯ ಲಕ್ಷಣಗಳಲ್ಲಿ ಅದೂ ಒಂದು. ಹಾಗಿರಬಲ್ಲಳಾದರೆ ನಿದ್ದೆಯಿಂದ ಎದ್ದ ಕೂಡಲೇ, ಹೊರಗೆ ಹೊರಡುವ ಮೊದಲು ಮತ್ತು ಊಟವಾದ 20–30 ನಿಮಿಷಗಳಲ್ಲಿ ಕೂರಿಸಿ. ಹೊಟ್ಟೆ ತುಂಬಿದಾಗ ದೊಡ್ಡ ಕರುಳು ಚುರುಕಾಗುವುದರಿಂದ ಎರಡಕ್ಕೆ ಹೋಗಲು ಊಟದ ನಂತರದ ಸಮಯ ಅನುಕೂಲಕರ. ಪಾದಗಳು ತೂಗಾಡದೆ ನೆಲಕ್ಕೋ ಮಣೆಗೋ ಊರಿರಲಿ. ಮಲ ಗಟ್ಟಿಯಾಗಿದ್ದರೆ ಮೊದಲು ಅದನ್ನು ಸರಿಪಡಿಸಿ, ಏಕೆಂದರೆ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ, ಆಗ ಯಾವ ಗಡಿಯಾರವೂ ನೆರವಿಗೆ ಬರುವುದಿಲ್ಲ.

ತೇವದ ಅಲಾರಂ ಬೇರೆಯದೇ ಸಾಧನ. 1938ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮೌರರ್ ದಂಪತಿ ವರದಿ ಮಾಡಿದ, ಹಾಸಿಗೆ ಒದ್ದೆಯಾದೊಡನೆ ಬಾರಿಸುವ ಗಂಟೆಯಿಂದ ಬೆಳೆದುಬಂದ ಈ ವಿಧಾನ, ಐದು ವರ್ಷ ದಾಟಿದ ಮೇಲೂ ನಿದ್ದೆಯಲ್ಲಿ ಮೂತ್ರ ಮಾಡುವ ಮಕ್ಕಳಿಗಾಗಿ ಬಳಕೆಯಲ್ಲಿದೆ, ಸತತ 14 ರಾತ್ರಿಗಳು ಒಣಗಿರುವವರೆಗೆ ಎರಡು ಮೂರು ತಿಂಗಳು ಪಟ್ಟುಹಿಡಿದು ಮಾಡಬೇಕಾಗುತ್ತದೆ. ನಿಮ್ಮ ಮಗಳಿಗೆ ಅದು ಬೇಡ. ಅಮೆರಿಕದ ಮಕ್ಕಳ ವೈದ್ಯ ಬ್ರೇಜೆಲ್ಟನ್ 1962ರಲ್ಲಿ 1,170 ಮಕ್ಕಳ ದಾಖಲೆಗಳನ್ನು ಪ್ರಕಟಿಸಿದಾಗ, ಹಗಲಿನ ಅಭ್ಯಾಸ ಪೂರ್ಣಗೊಂಡ ಸರಾಸರಿ ವಯಸ್ಸು 28.5 ತಿಂಗಳಾಗಿತ್ತು, ಸರಾಸರಿಗಿಂತ ಕೆಲವು ತಿಂಗಳು ತಡವಾಗುವುದು ಸಹಜ, ಆತಂಕಪಡಬೇಡಿ.

ಉತ್ತರ 3 (ಐದು ವರ್ಷದ ಮಗಳ ತಂದೆ)

ಗಡಿಯಾರವನ್ನು ಪೂರ್ತಿಯಾಗಿ ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ನಮ್ಮ ಮಗಳಿಗೆ ಮೂತ್ರ ಬಂದಿರುವುದು ತಿಳಿಯುತ್ತಿತ್ತು, ಆದರೆ ಆಟ ಬಿಡಲು ಮನಸ್ಸಿಲ್ಲದೆ ಕೊನೆಯ ಕ್ಷಣದವರೆಗೆ ತಡೆಹಿಡಿಯುತ್ತಿದ್ದಳು. ಅವಳಿಗೆ ನಾಲ್ಕೂವರೆ ವರ್ಷವಾದಾಗ, ವೈದ್ಯರ ಸಲಹೆಯಂತೆ ಎರಡು ಗಂಟೆಗಳಿಗೊಮ್ಮೆ ಮೃದುವಾಗಿ ನಡುಗುವ, ಸದ್ದು ಮಾಡದ ಗಡಿಯಾರ ಕಟ್ಟಿದೆವು. ನಾವು ಹೇಳಿದರೆ ಹಟ ಹಿಡಿಯುತ್ತಿದ್ದವಳು ಗಡಿಯಾರದ ಮಾತನ್ನು ತನ್ನದೇ ಕೆಲಸವೆಂಬಂತೆ ಪಾಲಿಸಿದಳು. ಮನೆಯ ಜಗಳ ನಿಂತದ್ದೇ ನಮಗೆ ದೊಡ್ಡ ಲಾಭ. ಶಾಲೆಯಲ್ಲೂ ಇತರ ಮಕ್ಕಳಿಗೆ ಗೊತ್ತಾಗಲಿಲ್ಲ.

ಆದರೆ ಒಂದು ಎಚ್ಚರಿಕೆಯನ್ನು ಬೇಡಿಕೊಂಡು ಹೇಳುತ್ತೇನೆ. ಇಂಥ ಅನೇಕ ಗಡಿಯಾರಗಳಲ್ಲಿ ಗುಂಡಿಯಾಕಾರದ ಚಪ್ಪಟೆ ಬ್ಯಾಟರಿ ಇರುತ್ತದೆ. ಅದನ್ನು ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಗಂಭೀರವಾಗಿ ಸುಟ್ಟ ಗಾಯವಾಗಬಹುದು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಗಡಿಯಾರವನ್ನು ಎರಡೂವರೆ ವರ್ಷದ ಕೈಗೆ ಕಟ್ಟಲೇಬೇಡಿ. ನುಂಗಿರಬಹುದೆಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಧಾವಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ದಿನ ಬರೆದಿಟ್ಟು ನೋಡಿದೆ. ಬೆಳಗಿನ ಹೊತ್ತು ಅವಳು ಒಂದೂವರೆ ಗಂಟೆಗಿಂತ ಹೆಚ್ಚು ಒಣಗಿರುತ್ತಾಳೆ. ಒದ್ದೆಯಾಗುವುದು ಬಹುಪಾಲು ಸಂಜೆಯ ಆಟದ ವೇಳೆಯಲ್ಲಿ, ಹಾಲು ಕುಡಿದ ಮುಕ್ಕಾಲು ಗಂಟೆಯೊಳಗೆ. ಇದು ಇಷ್ಟು ದಿನ ನನ್ನ ಗಮನಕ್ಕೇ ಬಂದಿರಲಿಲ್ಲ. ಸದ್ಯಕ್ಕೆ ಗಡಿಯಾರ ಕೊಳ್ಳುವುದಿಲ್ಲ; ಫೋನಿನ ಸೂಚನೆಯನ್ನು ಆ ಸಂಜೆಯ ಹೊತ್ತಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ನಿನ್ನೆ ಅದು ನಡುಗುವ ಮೊದಲೇ ಅವಳು ಬಂದು ನನ್ನ ಸೆರಗು ಹಿಡಿದು ನಿಂತಳು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನಗೆ ಅರ್ಥವಾಯಿತು.