ಲುಂಗಿಗೆ ಸಾವಿರ ದಂಡವಂತೆ: ‘ನಮ್ಮ ಬಳಗ’ ಗ್ರೂಪಿನ ಭಾನುವಾರ

ಚಿಕ್ಕಪ್ಪ (7:42)
*ಹಲವು ಬಾರಿ ಫಾರ್ವರ್ಡ್ ಆಗಿದೆ*
🚨ಯುವಕರೇ, ಟ್ರಾಫಿಕ್ ಪೊಲೀಸ್ ನಿಲ್ಲಿಸಿದರೆ ಹೆದರಬೇಡಿ!!🚨 ಕೀಲಿ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ದಾಖಲೆ ಇಲ್ಲದಿದ್ದರೆ 15 ದಿನ ಟೈಮ್ ಇದೆ, ದಂಡ ಕಟ್ಟಬೇಡಿ. 100 ರೂ. ಮೀರಿದ ದಂಡ ಎಸ್‌ಐ ಮಾತ್ರ ಹಾಕಬಹುದು. ಒಮ್ಮೆ ಹೆಲ್ಮೆಟ್ ದಂಡ ಕಟ್ಟಿದರೆ ರಾತ್ರಿ 12ರವರೆಗೆ ಆರಾಮಾಗಿ ಓಡಾಡಿ. ಲುಂಗಿ, ಚಪ್ಪಲಿ ಹಾಕಿ ಓಡಿಸಿದರೆ 1000 ದಂಡ. ಎಲ್ಲ ಗ್ರೂಪಿಗೂ ಕಳಿಸಿ. – ಹೈಕೋರ್ಟ್ ವಕೀಲರು

ಮೈಸೂರು ಅತ್ತೆ: 🌹 ಶುಭೋದಯ. ಒಳ್ಳೆ ಮಾಹಿತಿ ಸುಬ್ಬು 🙏

ಗುಂಡ: ಲುಂಗಿಗೆ ಸಾವಿರವಾ? ದೊಡ್ಡ ಮಾವ ಹಾಲಿಗೆ ಹೋಗೋದೇ ಪಂಚೇಲಿ 😂

ಕಿಟ್ಟಿ: ಯಾವ ಹೈಕೋರ್ಟು, ಯಾವ ವಕೀಲರು? ಮೂಲ ಎಲ್ಲಿ ಚಿಕ್ಕಪ್ಪ?

ಚಿಕ್ಕಪ್ಪ: ಋಷಿಮೂಲ, ನದಿಮೂಲ ಕೇಳಬಾರದು ಕಣೋ

ಕಿಟ್ಟಿ: ಋಷಿಮೂಲ ಬೇಡ, ಸೆಕ್ಷನ್ ನಂಬರ್ ಹೇಳಿ ಸಾಕು. ಕಷಾಯದಿಂದ ಶುಗರ್ ಹೋಗುತ್ತೆ ಅಂತ ಹಾಕಿದಾಗಲೂ ಹೀಗೇ ಆಯ್ತು.

ಚಿಕ್ಕಪ್ಪ: ಆ ಕಷಾಯ ಕುಡಿದು ಯಾರೂ ಸತ್ತಿಲ್ಲ

ದೊಡ್ಡಪ್ಪ: ಎಲ್ಲರಿಗೂ ನಮಸ್ಕಾರ. ಈಗಿನ ಹುಡುಗರಿಗೆ ಹಕ್ಕು ಮೊದಲು, ಹೆಲ್ಮೆಟ್ಟು ಆಮೇಲೆ. ತಲೆ ತಗ್ಗಿಸಿ ನಡೆದವನನ್ನು ಯಾರೂ ನಿಲ್ಲಿಸುವುದಿಲ್ಲ. ಮನೆಯಲ್ಲಿ ಹೇಳಿಕೊಡದಿದ್ದರೆ ಬೀದಿಯಲ್ಲಿ ಪೊಲೀಸರು ಹೇಳಿಕೊಡುತ್ತಾರೆ.

ಚಿಕ್ಕಪ್ಪ: ಅಣ್ಣಾ ಇದು ನನಗೆ ಹೇಳಿದ್ದಾ?

ದೊಡ್ಡಪ್ಪ: ಸಾಮಾನ್ಯವಾಗಿ ಹೇಳಿದೆ.

ಗುಂಡ: ಸೈಕಲ್ ಕಾಲವೇ ಚೆನ್ನಾಗಿತ್ತು. ಡಬಲ್ ರೈಡ್ ಹೋದ್ರೆ ಪೇದೆ ವಾಲ್‌ಟ್ಯೂಬ್ ಕಿತ್ತು ಗಾಳಿ ಬಿಡ್ತಿದ್ದ, ಅಲ್ಲಿಗೆ ಕೇಸ್ ಖುಲಾಸೆ. ಡೈನಮೋ ಲೈಟ್ ಇಲ್ದಿದ್ರೆ ಕೈಯಲ್ಲಿ ಟಾರ್ಚು. ಆಮೇಲೆ ಲೂನಾ ಬಂತು ನೋಡಿ, ಏರು ಬಂದ್ರೆ ಪೆಡಲ್ಲು

ಮೈಸೂರು ಅತ್ತೆ: ನಮ್ಮನೆ ಲೂನಾ ನೀಲಿ ಬಣ್ಣದ್ದು ❤️

ದೊಡ್ಡಪ್ಪ: ನೀಲಿ ಅಲ್ಲ. ಕೆಂಪು.

ಚಿಕ್ಕಮ್ಮ: ಅದಿರಲಿ, ಯಾರಾದ್ರೂ ಗೊತ್ತಿರೋರು ಹೇಳಿ. ಚಿನ್ನೂನ ಹಿಡಿದ್ರೆ ಏನ್ ಮಾಡ್ಬೇಕು? ದಿನಾ ಆಕ್ಟಿವಾದಲ್ಲಿ ಟ್ಯೂಷನ್ನಿಗೆ ಹೋಗ್ತಾನೆ

ಲಾಯರ್ ಅತ್ತಿಗೆ (8:31): ಒಂದೊಂದಾಗಿ ಹೇಳ್ತೀನಿ ಚಿಕ್ಕತ್ತೆ. ಕೀಲಿ ವಿಷಯ ನಿಜ. ಕೀಲಿ ಕಿತ್ಕೊಳ್ಳಿ ಅಂತ ಮೋಟಾರು ವಾಹನ ಕಾಯ್ದೆ ಎಲ್ಲೂ ಹೇಳಲ್ಲ. 2025ರ ಮೇನಲ್ಲಿ ಮಂಡ್ಯದಲ್ಲಿ ತಪಾಸಣೆ ವೇಳೆ ಮಗು ಸತ್ತ ಮೇಲೆ ರಾಜ್ಯದ ಡಿಜಿಪಿಯವರೇ ಕೀಲಿ ಕೀಳಬೇಡಿ, ಅಡ್ಡ ಬಂದು ನಿಲ್ಲಿಸಬೇಡಿ ಅಂತ ಸೂಚನೆ ಕೊಟ್ಟರು. ಆದ್ರೆ ಲೈಸೆನ್ಸೇ ಇಲ್ಲದೆ ಓಡಿಸ್ತಿದ್ರೆ ಸೆಕ್ಷನ್ 207ರಲ್ಲಿ ಇಡೀ ಗಾಡೀನೇ ಸ್ಟೇಷನ್ನಿಗೆ ಒಯ್ಯಬಹುದು. ಕೀಲಿ ಉಳಿಸ್ಕೊಂಡು ಏನ್ ಮಾಡ್ತೀರಾ.

ಚಿಕ್ಕಪ್ಪ: ನೋಡಿದ್ಯಾ ಕಿಟ್ಟಿ, ಕೀಲಿ ವಿಷಯ ನಿಜ ಅಂತೆ 😎

ಕಿಟ್ಟಿ: ಮುಂದಿನ ವಾಕ್ಯಾನೂ ಓದಿ

ಲಾಯರ್ ಅತ್ತಿಗೆ: 15 ದಿನದ್ದು ಕೇಂದ್ರ ಮೋಟಾರು ವಾಹನ ನಿಯಮ 139. ದಾಖಲೆ ಇದ್ದೂ ಜೇಬಲ್ಲಿ ಇಲ್ಲದವರಿಗೆ ಅದು. ಇನ್ಶೂರೆನ್ಸ್ ಮುಗಿದಿದ್ರೆ ಮಧ್ಯಾಹ್ನ ಹೊಸ ಪಾಲಿಸಿ ಮಾಡಿಸಿ ತೋರಿಸಿದ್ರೂ ನಡೆಯಲ್ಲ, ಪಾಲಿಸಿ ಮೇಲೆ ಶುರುವಾದ ಗಂಟೆ ನಿಮಿಷ ಇರುತ್ತೆ. ಮತ್ತೆ ಗ್ಯಾಲರಿಯಲ್ಲಿರೋ ಆರ್‌ಸಿ ಫೋಟೋ ದಾಖಲೆ ಅಲ್ಲ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಲ್ಲಿ ಇಲಾಖೆಯಿಂದಲೇ ಬಂದಿದ್ದು ಇರಬೇಕು. ಡಿಜಿಲಾಕರಲ್ಲೂ ನಾವೇ ಸ್ಕ್ಯಾನ್ ಮಾಡಿ ಏರಿಸಿದ್ದು ಲೆಕ್ಕಕ್ಕಿಲ್ಲ. ತುಂಬಾ ಹುಡುಗರು ಸಿಕ್ಕಿಬೀಳೋದು ಇಲ್ಲೇ.

ಗುಂಡ: ಮತ್ತೆ ಲುಂಗಿ?

ಲಾಯರ್ ಅತ್ತಿಗೆ: ಲುಂಗಿ, ಚಪ್ಪಲಿ, ಅರ್ಧ ತೋಳಿನ ಅಂಗಿ ಯಾವುದಕ್ಕೂ ದಂಡ ಇಲ್ಲ. 2019ರ ಸೆಪ್ಟೆಂಬರಲ್ಲೇ ಕೇಂದ್ರ ಸಾರಿಗೆ ಸಚಿವರ ಕಚೇರಿ ಸ್ಪಷ್ಟ ಮಾಡಿದೆ. 100 ರೂಪಾಯಿ ಲೆಕ್ಕ ಕಾಯ್ದೆಯಲ್ಲಿಲ್ಲ. ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳೋದು ಸೆಕ್ಷನ್ 200, ಯಾವ ದರ್ಜೆಯವರು ಅನ್ನೋದನ್ನ ರಾಜ್ಯದ ಅಧಿಸೂಚನೆ ಹೇಳುತ್ತೆ. ‘ರಾತ್ರಿ 12ರವರೆಗೆ’ ಅನ್ನೋದು ಶುದ್ಧ ಸುಳ್ಳು. ಬೆಳಿಗ್ಗೆ ಕಟ್ಟಿದ 500 ಬೆಳಗಿನ ತಪ್ಪಿಗೆ.

ಮೈಸೂರು ಅತ್ತೆ: ಲೂನಾ ನೀಲೀನೇ. ಅಣ್ಣನಿಗೆ ಮರೆತಿದೆ

ಚಿಕ್ಕಮ್ಮ: ಚಿನ್ನು ವಿಷಯ ಹೇಳಮ್ಮಾ

ಲಾಯರ್ ಅತ್ತಿಗೆ: ಅವನಿಗಿನ್ನೂ 17 ಅಲ್ವಾ? ಅದು ಸಣ್ಣ ವಿಷಯ ಅಲ್ಲ. ಸೆಕ್ಷನ್ 199ಎ, 2019ರ ತಿದ್ದುಪಡೀಲಿ ಬಂದಿದ್ದು. ಹುಡುಗ ಓಡಿಸಿದ್ರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿ ಮಾಲೀಕರು. 3 ವರ್ಷದವರೆಗೆ ಜೈಲು, 25,000 ದಂಡ, 12 ತಿಂಗಳು ಗಾಡಿ ನೋಂದಣಿ ರದ್ದು. ಹುಡುಗನಿಗೆ 25 ತುಂಬೋವರೆಗೆ ಲೈಸೆನ್ಸ್ ಇಲ್ಲ.

ಚಿನ್ನು: ಅತ್ತಿಗೆ 16ಕ್ಕೇ ಲೈಸೆನ್ಸ್ ಕೊಡ್ತಾರಲ್ಲ

ಲಾಯರ್ ಅತ್ತಿಗೆ: ಕೊಡ್ತಾರೆ, ಗೇರ್ ಇಲ್ಲದ 50 ಸಿಸಿ ಒಳಗಿನ ಗಾಡಿಗೆ, ಅದೂ ಪೋಷಕರ ಲಿಖಿತ ಒಪ್ಪಿಗೆ ಇದ್ರೆ. ಗುಂಡನ ಲೂನಾ ಆಗ್ತಿತ್ತು. ಆಕ್ಟಿವಾ 110ರ ಹತ್ತಿರ ಇದೆ.

ಗುಂಡ: ಲೂನಾ ಜಿಂದಾಬಾದ್ ✊

ದೊಡ್ಡಪ್ಪ: ಒಂದು ನಿಮಿಷ. ಮಾಲೀಕರು ಎಂದರೆ? ಆ ಗಾಡಿ ಆರ್‌ಸಿ ಇನ್ನೂ ನನ್ನ ಹೆಸರಿನಲ್ಲಿದೆ. ಕೊಟ್ಟು ಎರಡು ವರ್ಷವಾಯಿತು. ಅವನು ಓಡಿಸುವುದು ಗೊತ್ತು, ಬೇಡ ಎಂದು ಸುಬ್ಬುಗೆ ಹೇಳಿಯೂ ಇದ್ದೆ.

ಲಾಯರ್ ಅತ್ತಿಗೆ: ಮಾವ, ನಿಮಗೆ ಗೊತ್ತಿರಲಿಲ್ಲ ಅಥವಾ ತಡೆಯೋ ಪ್ರಯತ್ನ ಪೂರ್ತಿ ಮಾಡಿದ್ರಿ ಅಂತ ತೋರಿಸಿದ್ರೆ ತಪ್ಪಿಸ್ಕೊಳ್ಳೋ ದಾರಿ ಆ ಸೆಕ್ಷನ್ನಲ್ಲೇ ಇದೆ. ‘ಗೊತ್ತು’ ಅಂತ ಈಗ ಗ್ರೂಪಲ್ಲೇ ಬರೆದುಬಿಟ್ರಿ.

ಚಿಕ್ಕಪ್ಪ: ಗಾಡಿ ಕೊಟ್ಟಿದ್ದಲ್ಲ, ದುಡ್ಡು ಕೊಟ್ಟು ತಗೊಂಡಿದ್ದು. 18 ಸಾವಿರ.

ದೊಡ್ಡಪ್ಪ: 15. ಮೂರು ಬಾಕಿ.

ಮೈಸೂರು ಅತ್ತೆ: ಅಪ್ಪನ ತೋಟದ ಲೆಕ್ಕಾನೂ ಹೀಗೇ ಮಾಡಿದ್ರಿ ಇಬ್ರೂ. ನಾನು ಏನೂ ಹೇಳಲ್ಲ.

ಕಿಟ್ಟಿ: ಅಪ್ಪ, ಮೊದಲು ಹೆಸರು ವರ್ಗ ಮಾಡಿಸಿ. ಆಮೇಲೆ ಜಗಳ ಆಡಿ

ಲಾಯರ್ ಅತ್ತಿಗೆ: ಸೆಕ್ಷನ್ 50. ಮಾರಿದವರು ಫಾರ್ಮ್ 29 ಸಹಿ ಮಾಡಿ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವರು ಫಾರ್ಮ್ 30 ಜೊತೆ 30 ದಿನದಲ್ಲಿ. ಅಲ್ಲಿವರೆಗೆ ಕ್ಯಾಮೆರಾ ಹಿಡಿದಿದ್ದೆಲ್ಲ ಮಾವನ ಹೆಸರಿಗೇ. ಓಡಿಸ್ತಿದ್ದವರು ಯಾರು ಅಂತ ಪೊಲೀಸರು ಕೇಳಿದ್ರೆ ಸೆಕ್ಷನ್ 133ರಲ್ಲಿ ಮಾವ ಹೆಸರು ಕೊಡಲೇಬೇಕು.

ದೊಡ್ಡಪ್ಪ: ಅದಕ್ಕೇ ಇರಬೇಕು. ನಿನ್ನೆಯಿಂದ ಮೊಬೈಲಿಗೆ ‘ಆರ್‌ಟಿಒ ಚಲನ್’ ಎಂದು ಫೈಲ್ ಬಂದಿದೆ. ಕೊನೆಯಲ್ಲಿ ಡಾಟ್ ಎಪಿಕೆ ಎಂದಿದೆ. ಒತ್ತಲೇ?

ಕಿಟ್ಟಿ: ಬೇಡ ಅಪ್ಪಾ!!!

ಲಾಯರ್ ಅತ್ತಿಗೆ: ಮುಟ್ಟಬೇಡಿ ಮಾವ. ಇಲಾಖೆ ವಾಟ್ಸಾಪಲ್ಲಿ ಆ್ಯಪ್ ಫೈಲ್ ಕಳಿಸಲ್ಲ. ಅದು ಒಳಗೆ ಕೂತ್ರೆ ನಿಮ್ಮ ಮೆಸೇಜ್ ಓದೋ ಅನುಮತಿ ಪಡೆದು ಬ್ಯಾಂಕ್ ಒಟಿಪಿ ಆಚೆ ಕಳಿಸುತ್ತೆ.

ದೊಡ್ಡಪ್ಪ: ನಿನ್ನೆ ಒಮ್ಮೆ ಒತ್ತಿದೆ ಎನಿಸುತ್ತದೆ.

ಕಿಟ್ಟಿ: 😱 ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ, ಅಮ್ಮನ ಫೋನಿಂದ ನಂಗೆ ವಿಡಿಯೋ ಕಾಲ್ ಮಾಡಿ. ಈಗಲೇ!

(8:58)

ಕಿಟ್ಟಿ: ಇನ್‌ಸ್ಟಾಲ್ ಆಗಿಲ್ಲ. ‘ಅಪರಿಚಿತ ಮೂಲ’ ಅಂತ ಫೋನೇ ತಡೆದಿದೆ. ಆಗಿದ್ರೆ ಬ್ಯಾಂಕಿಗೆ ಹೇಳಿ ಖಾತೆ ಬ್ಲಾಕ್ ಮಾಡ್ಸಿ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕಿತ್ತು.

ಚಿಕ್ಕಪ್ಪ: ಮೂಲ ಕೇಳಿದ್ದು ಕೊನೆಗೆ ಫೋನು 😄

ಲಾಯರ್ ಅತ್ತಿಗೆ: ನಿಜವಾದ ಚಲನ್ ನೋಡೋಕೆ ಪರಿವಾಹನ್‌ನ ಇ-ಚಲನ್ ಪುಟ. ವಿಳಾಸ ‘ಡಾಟ್ ಗವ್ ಡಾಟ್ ಇನ್’ ಅಂತಲೇ ಮುಗೀಬೇಕು. ಗಾಡಿ ನಂಬರ್ ಜೊತೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಂಕಿ ಹಾಕಿ.

ಚಿನ್ನು: ಅತ್ತಿಗೆ, ನಿಲ್ಲಿಸಿದಾಗ ವಾದ ಮಾಡಬಹುದಾ? ನಾವು ತಪ್ಪೇ ಮಾಡಿಲ್ಲ ಅಂದ್ರೆ?

ಲಾಯರ್ ಅತ್ತಿಗೆ: ಎಡಕ್ಕೆ ನಿಲ್ಲಿಸು, ಎಂಜಿನ್ ಆಫ್ ಮಾಡು, ‘ಸರ್ ಯಾವ ತಪ್ಪು’ ಅಂತ ಕೇಳು. ಒಪ್ಪಿಗೆ ಇಲ್ಲ ಅಂದ್ರೆ ಕಟ್ಟಬೇಡ, ‘ಕೋರ್ಟಿಗೆ ಕಳಿಸಿ, ಅಲ್ಲಿ ಹೇಳ್ಕೋತೀನಿ’ ಅನ್ನು. ಕಟ್ಟೋದಾದ್ರೆ ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡ. ಲೈಸೆನ್ಸ್ ತಗೊಂಡ್ರೆ ಸ್ವೀಕೃತಿ ಚೀಟಿ ಕೇಳಿ ಪಡಿ, ವಾಪಸ್ ಬರೋವರೆಗೆ ಆ ಚೀಟಿ ಮೇಲೆ ಓಡಿಸಬಹುದು. ಕೈ ತಳ್ಳೋದು, ಗಾಡಿ ನುಗ್ಗಿಸೋದು ಮಾತ್ರ ಬೇಡ. ಕೆಲಸಕ್ಕೆ ಅಡ್ಡಿ ಅಂದ್ರೆ ಭಾರತೀಯ ನ್ಯಾಯ ಸಂಹಿತೆ 221, 3 ತಿಂಗಳವರೆಗೆ ಜೈಲು. ಕೈ ಮಾಡಿದ್ರೆ 132, 2 ವರ್ಷದವರೆಗೆ. 500 ರೂಪಾಯಿ ಕಟ್ಟಿದ್ರೆ ಅಲ್ಲಿಗೇ ಮುಗಿದು ಹೋಗುತ್ತೆ, ಮುಂದೆ ಕೇಸ್ ನಡೆಯಲ್ಲ. ಅಡ್ಡಿ, ಹಲ್ಲೆ ಕೇಸು ಹಾಗಲ್ಲ, ಪಾಸ್‌ಪೋರ್ಟ್ ವೆರಿಫಿಕೇಷನ್ನಿಗೂ ಅಡ್ಡ ಬರುತ್ತೆ.

ಚಿನ್ನು: ಸರಿ ಅತ್ತಿಗೆ

ಲಾಯರ್ ಅತ್ತಿಗೆ: ಇದೆಲ್ಲ 18 ಆಗಿ ಲೈಸೆನ್ಸ್ ಬಂದ ಮೇಲೆ. ನಾಳೆಯಿಂದ ಬಸ್ಸು.

ಕಿಟ್ಟಿ (9:20): ಅಪ್ಪನ ಗಾಡಿ ನಂಬರ್ ಹಾಕಿ ನೋಡ್ದೆ. 2 ಚಲನ್ ಇದೆ, ಎರಡೂ ಹೆಲ್ಮೆಟ್, ಒಟ್ಟು 1000. ಕ್ಯಾಮೆರಾ ಫೋಟೋನೂ ಇದೆ. ಹಾಕ್ಲಾ?

ಚಿನ್ನು: ನಾನಲ್ಲ!! ನಾನು ಹೆಲ್ಮೆಟ್ ಹಾಕ್ತೀನಿ

ದೊಡ್ಡಪ್ಪ: ಹಾಕು. ಎಲ್ಲರೂ ನೋಡಲಿ.

ಕಿಟ್ಟಿ: 📷

ಚಿಕ್ಕಮ್ಮ: ಇದು ಚಿನ್ನು ಅಲ್ಲ. ಆ ಚೌಕಳಿ ಲುಂಗಿ ನಾನೇ ಒಗೆದು ಹಾಕಿದ್ದು

ಗುಂಡ: 🤣🤣🤣

ಮೈಸೂರು ಅತ್ತೆ: ಸುಬ್ಬು ಎಷ್ಟು ಸಣ್ಣ ಆಗಿದ್ದೀಯೋ, ಊಟ ಸರಿಯಾಗಿ ಮಾಡು

ಚಿಕ್ಕಪ್ಪ: ಮೂಲೆ ಅಂಗಡಿಗೆ ಹೋಗಿದ್ದು, ನೂರು ಮೀಟರೂ ಇಲ್ಲ

ದೊಡ್ಡಪ್ಪ: 1000 ಮತ್ತು ಬಾಕಿ 3000. ಒಟ್ಟು 4000. ಫಾರ್ಮ್ 29 ಸಹಿ ಮಾಡಿ ಇಟ್ಟಿರುತ್ತೇನೆ. ಸಂಜೆ ಹಣ ತೆಗೆದುಕೊಂಡು ಬಾ.

ಚಿಕ್ಕಪ್ಪ: ಕಿಟ್ಟಿ, ಈ ದಂಡಕ್ಕೆ ಅರ್ಧ ರಿಯಾಯಿತಿ ಬಿಡ್ತಾರಲ್ಲ, 2023ರ ಫೆಬ್ರುವರೀಲಿ ಬಿಟ್ಟಿದ್ರಲ್ಲ. ಮುಂದಿನದು ಯಾವಾಗ ನೋಡು